ಚೀಟಿಗೆ ಬಾಯಿಲ್ಲ!

ಯುಗಾದಿಗೆ ಅಜ್ಜಿ ನನ್ನಿಂದ ಅಂಗಡಿ ಚೀಟಿ ಬರೆಸಿದರು. ‘ಬೆಲ್ಲ ಕೊಬ್ಬರಿ ಎಣ್ಣೆ’ ಎಂದು ಬರೆದೆ. ತಮ್ಮ ತಂದದ್ದು ಬೆಲ್ಲ ಮತ್ತು ತಲೆಗೆ ಹಚ್ಚೋ ಎಣ್ಣೆ! ಕೊಬ್ಬರಿಯೂ ಇಲ್ಲ, ಅಡುಗೆ ಎಣ್ಣೆಯೂ ಇಲ್ಲ. ಅವತ್ತು ಹೋಳಿಗೆ ಆಗಲಿಲ್ಲ. ಓದು ಬಾರದ ಅಜ್ಜಿ ನನ್ನನ್ನೇ ನಂಬಿದ್ದರು. ಹೀಗೆ ಬರೆಯಬೇಕಿತ್ತು:

ಬೇಕಾದ ಸಾಮಾನು: ಬೆಲ್ಲ, ಕೊಬ್ಬರಿ, ಎಣ್ಣೆ – ಕಡ್ಲೆಕಾಯಿದು.

‘ಮುಂದೆ ಪಟ್ಟಿ ಬರುತ್ತೆ’ ಎನ್ನುವುದು ವಿವರಣಾತ್ಮಕ ಚಿಹ್ನೆ (:). ಒಂದೊಂದು ಸಾಮಾನನ್ನು ಬೇರೆ ಮಾಡುವುದು ಅಲ್ಪವಿರಾಮ (,). ‘ಯಾವ ಎಣ್ಣೆ?’ ಅಂತ ಬಿಡಿಸಿ ಹೇಳುವುದು ಅಡ್ಡಗೆರೆ (–). ತಾಳೆಗರಿಯ ಕಾಲದಲ್ಲಿ ಇವು ಇರಲಿಲ್ಲ, ಅಚ್ಚಿನ ಪುಸ್ತಕಗಳ ಜೊತೆ ಬಂದವು.

ಮಾತಾಡುವಾಗ ನಾವು ನಿಲ್ಲಿಸಿ ನಿಲ್ಲಿಸಿ ಹೇಳ್ತೀವಿ. ಚೀಟಿ ಹಾಗೆ ಹೇಳಲಾರದು. ಆದ್ದರಿಂದ ಬರೆದ ಮೇಲೆ ಒಂದು ಸಲ ಗಟ್ಟಿಯಾಗಿ ಓದಿ, ಚಿಹ್ನೆ ಹಾಕಿ.