ಸೈಕಲ್ ತುಳಿದು ಬಂದವರಿಗೆ ಹಂಸತೂಲಿಕಾತಲ್ಪ: ಹಂಪಿ ಸುತ್ತ ಗುಡಾರದ ಹೊಸ ವ್ಯಾಪಾರ

ಒಂದು ಕಾಲಕ್ಕೆ ಸೈಕಲ್ ತುಳಿಯುವವನು ಬಡವ, ಗುಡಾರದಲ್ಲಿ ಮಲಗುವವನು ಅಲೆಮಾರಿ. ಇದು ಊರಿನ ಲೆಕ್ಕ. ಈಗ ಆ ಲೆಕ್ಕವೇ ತಲೆಕೆಳಗಾಗಿದೆ. ಕಾರಿದ್ದವರು ಕಾರು ಮನೆಯಲ್ಲಿ ಬಿಟ್ಟು ಸೈಕಲ್ ಏರಿದ್ದಾರೆ. ಮಹಡಿ ಮನೆ ಇದ್ದವರು ದುಡ್ಡು ಕೊಟ್ಟು ಗುಡಾರ ಹುಡುಕುತ್ತಿದ್ದಾರೆ. ಅದೂ ಎಂಥ ಗುಡಾರ ಅಂತೀರಿ? ಒಳಗೆ ಮಂಚ, ಮೆತ್ತನೆ ಹಾಸಿಗೆ, ಫ್ಯಾನು, ಬಿಸಿನೀರು. ಹೊರಗೆ ಕುರ್ಚಿ, ಮೇಜು. ಬೆಳಗಿನ ಕಾಫಿ ಬಾಗಿಲಿಗೇ ಬರುತ್ತದೆ. ಇಂಗ್ಲಿಷಿನವರು ಇದಕ್ಕೆ ‘ಗ್ಲ್ಯಾಂಪಿಂಗ್’ ಅಂತ ಹೆಸರಿಟ್ಟಿದ್ದಾರೆ. ಗ್ಲ್ಯಾಮರ್, ಕ್ಯಾಂಪಿಂಗ್ ಎರಡನ್ನೂ ಕಲಸಿ ತಟ್ಟಿದ ರೊಟ್ಟಿ ಅದು. ನಮ್ಮ ಮಾತಿನಲ್ಲಿ ಹೇಳಬೇಕೆಂದರೆ ಸುಖದ ಗುಡಾರ.

‘ಶ್ರೀಮಂತರ ಶೋಕಿ, ನಮಗೇನ್ರೀ ಆಗಬೇಕು?’ ಎಂದು ಹಂಪಿ ಬಸ್ಸಿಗೆ ಕಾಯುವವರು ಕೇಳಬಹುದು. ಆಗಬೇಕಾದ್ದು ಇದೆ. ಈ ಶೋಕಿಯ ದುಡ್ಡು ಹೊಸಪೇಟೆ, ಕಮಲಾಪುರ, ಆನೆಗೊಂದಿಯ ಗಲ್ಲಾಪೆಟ್ಟಿಗೆಗೆ ಬೀಳುತ್ತದೋ, ಬಂದ ವ್ಯಾನಿನಲ್ಲೇ ವಾಪಸು ಬೆಂಗಳೂರಿಗೆ ಹೋಗುತ್ತದೋ ಎಂಬುದೇ ಪ್ರಶ್ನೆ.

ಹಂಪಿಯೇ ಯಾಕೆ?

ಸೈಕಲ್ಲಿಗೆ ಹಂಪಿಯಷ್ಟು ಒಗ್ಗುವ ಊರು ರಾಜ್ಯದಲ್ಲಿ ಕಡಿಮೆ. ಹೊಸಪೇಟೆಯಿಂದ ಹಂಪಿಗೆ ಸುಮಾರು 13 ಕಿಲೋಮೀಟರು. ಹಂಪಿಯಿಂದ ಕಮಲಾಪುರಕ್ಕೆ 4. ವಿಶ್ವ ಪರಂಪರೆ ತಾಣವೆಂದು 1986ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಜಾಗ ಸುಮಾರು 42 ಚದರ ಕಿಲೋಮೀಟರು. ನಡೆದು ನೋಡಲು ಹೆಚ್ಚಾಯಿತು, ಕಾರಿನಲ್ಲಿ ನೋಡಿದರೆ ಏನೂ ಕಾಣುವುದಿಲ್ಲ. ಸೈಕಲ್ಲಿಗೆ ಹೇಳಿ ಮಾಡಿಸಿದ ಅಳತೆ. ಘಾಟಿಯಂಥ ಏರಿಲ್ಲ. ಒಂದು ಬದಿಗೆ ಬಂಡೆ, ಇನ್ನೊಂದು ಬದಿಗೆ ಬಾಳೆ ತೋಟ, ನಡುವೆ ಕಾಲುವೆ.

ಹೊಳೆ ದಾಟಿದರೆ ಆನೆಗೊಂದಿ, ಪಂಪಾ ಸರೋವರ, ಸಣಾಪುರ, ಅಂಜನಾದ್ರಿ. ಸೈಕಲ್ ಸಮೇತ ಹರಿಗೋಲು ಹತ್ತಿ ದಾಟುವುದೇ ಪೇಟೆಯವರಿಗೆ ದೊಡ್ಡ ಮೋಜು. ಆದರೆ ಅಣೆಕಟ್ಟಿನಿಂದ ನೀರು ಬಿಟ್ಟ ದಿನ ಹರಿಗೋಲು ಕಟ್ಟಿಹಾಕುತ್ತಾರೆ. ಆಗ ಬುಕ್ಕಸಾಗರ–ಕಡೇಬಾಗಿಲು ಸೇತುವೆಯೇ ಗತಿ.

ಬೆಂಗಳೂರಿನಿಂದ ಬರುವುದೂ ಸುಲಭ. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಹೊಸಪೇಟೆ. ಎರಡು ದಿನ ತುಳಿದು, ಒಂದು ರಾತ್ರಿ ಗುಡಾರದಲ್ಲಿ ಮಲಗಿ, ಭಾನುವಾರ ರಾತ್ರಿ ಮತ್ತೆ ರೈಲು. ಅಕ್ಟೋಬರಿನಿಂದ ಫೆಬ್ರುವರಿವರೆಗೆ ಈ ಲೆಕ್ಕ ಸರಿ. ಮಾರ್ಚಿ ಬಂತೆಂದರೆ ಬಂಡೆ ಕಾದು ಹಂಚಾಗುತ್ತದೆ. ಆಗ ಸುಖದ ಗುಡಾರವೂ ಸುಡುವ ಗುಡಾರವೇ.

ಗುಡಾರ ಇಲ್ಲಿಗೆ ಹೊಸದಲ್ಲ

ಬಟ್ಟೆಯ ಮನೆಯಲ್ಲಿ ಸುಖ ಕಾಣುವ ವಿದ್ಯೆಯನ್ನು ಈ ನೆಲಕ್ಕೆ ಯಾರೂ ಹೊರಗಿನಿಂದ ತಂದು ಕಲಿಸಬೇಕಾಗಿಲ್ಲ. 1520ರಲ್ಲಿ ಕೃಷ್ಣದೇವರಾಯ ರಾಯಚೂರಿಗೆ ದಂಡೆತ್ತಿ ಹೋದಾಗಿನ ಪಾಳೆಯವನ್ನು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬಣ್ಣಿಸಿದ್ದಾನೆ. ರಾಯನ ಡೇರೆಯ ಸುತ್ತ ಮುಳ್ಳಿನ ದೊಡ್ಡ ಬೇಲಿ, ಒಳಗೆ ಹೋಗಲು ಒಂದೇ ಬಾಗಿಲು. ಪಾಳೆಯದಲ್ಲೇ ಸಂತೆ, ಅಲ್ಲೇ ಚಿನಿವಾರರು, ಅಲ್ಲೇ ಅಗಸರು. ಊರೇ ಎದ್ದು ನಡೆದು ಬಂದಂತೆ.

ಅಂದಿನ ಆ ಪಾಳೆಯದಲ್ಲಿ ಒಂದು ಮಾತು ಗಮನಿಸಬೇಕು. ಡೇರೆ ರಾಯನದು, ಆದರೆ ಸಂತೆ ಎಲ್ಲರದು. ಡೇರೆ ಇದ್ದ ಕಡೆ ನೂರು ಕಸುಬಿನವರ ಹೊಟ್ಟೆ ತುಂಬುತ್ತಿತ್ತು. ಇಂದಿನ ಸುಖದ ಗುಡಾರದವರು ಈ ಪಾಠ ಓದಿದ್ದಾರೆಯೇ?

ದುಡ್ಡು ಯಾರ ಜೇಬಿಗೆ?

ಸೈಕಲ್ ಪ್ರವಾಸ ನಡೆಸುವ ಕೆಲವು ಕಂಪನಿಗಳ ವ್ಯವಸ್ಥೆ ಬಲು ಅಚ್ಚುಕಟ್ಟು. ಗೇರ್ ಸೈಕಲ್ಲು ಲಾರಿಯಲ್ಲಿ ಬರುತ್ತದೆ, ರಿಪೇರಿಯವನೂ ಜೊತೆಗೇ ಬರುತ್ತಾನೆ, ನೀರಿನ ಬಾಟಲಿ ಹಿಂದಿನ ವ್ಯಾನಿನಲ್ಲಿ. ತುಳಿದು ಸುಸ್ತಾದವರನ್ನು ಹತ್ತಿಸಿಕೊಳ್ಳುವುದೂ ಅದೇ ವ್ಯಾನು. ಎಲ್ಲ ಸರಿ. ಊರಿನವರಿಗೆ ಉಳಿಯುವುದೇನು? ಧೂಳು, ಟಾಟಾ.

ಹಂಪಿಯಲ್ಲಿ ಬಾಡಿಗೆ ಸೈಕಲ್ ಕೊಟ್ಟು ಬದುಕುವವರು ಇಂದು ನಿನ್ನೆಯವರಲ್ಲ. 2011ರಲ್ಲಿ ವಿರೂಪಾಕ್ಷ ಗುಡಿ ಮುಂದಿನ ಬಜಾರು ತೆರವಾದಾಗ ಅಂಗಡಿ, ಮನೆ ಕಳಕೊಂಡವರ ಸಂಕಟ ಊರಿಗೆ ಗೊತ್ತು. ಅಂಥವರ ಕೈಗೆ ನಾಲ್ಕು ಕಾಸು ಸಿಗಬೇಕಾದರೆ ಸೈಕಲ್ ಇಲ್ಲಿಯದೇ ಆಗಬೇಕು. ಇಲ್ಲಿಯ ಸೈಕಲ್ ಶಾಪಿನವರೂ ಒಂದು ಹೆಜ್ಜೆ ಮುಂದೆ ಇಡಬೇಕು. ಬ್ರೇಕ್ ಹಿಡಿಯದ, ಸೀಟು ಅಲುಗುವ ಡಬ್ಬಾ ಸೈಕಲ್ಲಿಗೆ ಬಾಡಿಗೆ ಕೇಳುವ ಕಾಲ ಮುಗಿಯಿತು. ಗೇರ್ ಸೈಕಲ್ಲಿನ ಚೈನು, ಡಿಸ್ಕ್ ಬ್ರೇಕಿನ ಪ್ಯಾಡು, ತೆಳು ಟೈರಿನ ಟ್ಯೂಬು ಅಂಗಡಿಯಲ್ಲಿದ್ದರೆ ಗಿರಾಕಿ ತಾನೇ ಬರುತ್ತಾನೆ.

ಪಂಚರಿಗಂತೂ ಇಲ್ಲಿ ಬರವಿಲ್ಲ! ದಾರಿಯುದ್ದಕ್ಕೂ ಬಳ್ಳಾರಿ ಜಾಲಿ. ಆ ಮುಳ್ಳಿಗೆ ವಿದೇಶಿ ಟೈರು, ದೇಶಿ ಟೈರು ಎಂಬ ಭೇದವಿಲ್ಲ. ಸಾವಿರಾರು ರೂಪಾಯಿ ಸೈಕಲ್ಲೂ ಒಂದು ಮುಳ್ಳಿಗೆ ಮಂಡಿಯೂರಿ, ಪ್ಯಾಚು, ಸಲ್ಯೂಷನ್ ಇಟ್ಟುಕೊಂಡವನ ಮುಂದೆ ನಿಲ್ಲಲೇಬೇಕು.

ಊಟದ ಮಾತೂ ಅಷ್ಟೇ. ಬೆಳಿಗ್ಗೆ 20 ಕಿಲೋಮೀಟರು ತುಳಿದವನಿಗೆ ಗಾಜಿನ ಬಟ್ಟಲಿನ ಪಾಶ್ಚಾತ್ಯ ತಿಂಡಿ ಯಾವ ಮೂಲೆಗೆ? ಬಿಸಿ ಒಗ್ಗರಣೆ, ಮಿರ್ಚಿ, ಮೇಲೊಂದು ಚಾ ಕೊಡಿ. ನಡುದಾರಿಗೆ ಎರಡು ಸುಗಂಧಿ ಬಾಳೆ. ಆನೆಗೊಂದಿಯ ಹೆಂಗಸರು ಬಾಳೆನಾರಿನಲ್ಲಿ ಹೆಣೆದ ಚೀಲ ಸೈಕಲ್ ಹ್ಯಾಂಡಲಿಗೂ ಒಪ್ಪುತ್ತದೆ, ಮನೆಗೆ ಒಯ್ಯಲೂ ಆಗುತ್ತದೆ. ಮನೆವಾಸ್ತವ್ಯದಲ್ಲಿ ಮಲಗಿದ ಪ್ರವಾಸಿಯ ದುಡ್ಡು ಆ ಮನೆಯ ಅಕ್ಕಿ, ಹಾಲು, ತರಕಾರಿಗೆ ಹೋಗಿ ಅದೇ ಬೀದಿಯಲ್ಲಿ ಸುತ್ತುತ್ತದೆ.

ಗಡ್ಡೆಯ ಪಾಠ

ಇಷ್ಟು ಕೇಳಿ ಯಾರಾದರೂ ಗದ್ದೆ ಬದುವಿನಲ್ಲಿ ನಾಳೆಯೇ ಹತ್ತು ಗುಡಾರ ಹಾಕಲು ಹೊರಟರೆ ಸ್ವಲ್ಪ ತಾಳಿ. ವಿರೂಪಾಪುರ ಗಡ್ಡೆಯನ್ನು ನೆನೆಸಿಕೊಳ್ಳಿ. ಹೊಳೆಯಾಚೆಯ ಆ ಗಡ್ಡೆಯಲ್ಲಿ ಹುಲ್ಲು ಚಾವಣಿಯ ಗುಡಿಸಲು, ಜೋಲಿ, ಹೋಟೆಲು ಸಾಲುಸಾಲಾಗಿ ಎದ್ದಿದ್ದವು. ದೇಶವಿದೇಶದವರು ವಾರಗಟ್ಟಲೆ ತಂಗುತ್ತಿದ್ದರು. ಅದು ಸಂರಕ್ಷಿತ ಪ್ರದೇಶ, ಅನುಮತಿಯಿಲ್ಲದೆ ಕಟ್ಟಿದ್ದು ಎಂದು ಮೊಕದ್ದಮೆ ನಡೆದು, 2015ರಲ್ಲಿ ಹೈಕೋರ್ಟು, 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ತೆರವಿನ ಪರವಾಗಿ ತೀರ್ಪು ಕೊಟ್ಟವು. ಮಾರ್ಚಿನಲ್ಲಿ ಜೆಸಿಬಿ ಬಂತು. ವರ್ಷಗಳ ದುಡಿಮೆ ದಿನಗಳಲ್ಲಿ ನೆಲಸಮ. ಕೆಲಸಕ್ಕಿದ್ದ ಹುಡುಗರು, ಬೈಕು-ಸೈಕಲ್ ಬಾಡಿಗೆಯವರು, ದೋಣಿಯವರು ಎಲ್ಲರಿಗೂ ಒಟ್ಟಿಗೇ ಪೆಟ್ಟು.

‘ಗುಡಾರ ಅಂದರೆ ಬಟ್ಟೆ ತಾನೆ, ಬಿಚ್ಚಿದರೆ ಆಯ್ತು’ ಎಂಬ ಮಾತನ್ನು ನಂಬಿ ಕೂರುವಂತಿಲ್ಲ. ಬಟ್ಟೆಯ ಕೆಳಗೆ ಸಿಮೆಂಟಿನ ಕಟ್ಟೆ ಬರುತ್ತದೆ, ಪಕ್ಕದಲ್ಲಿ ಕಕ್ಕಸು ಬರುತ್ತದೆ, ಅದರ ನೀರು ಎಲ್ಲಿಗೆ ಹೋಗಬೇಕು? ಗುಂಡಿ ಸರಿಯಿಲ್ಲದಿದ್ದರೆ ಕಾಲುವೆಗೆ, ಕಾಲುವೆಯಿಂದ ಗದ್ದೆಗೆ. ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರಕ್ಕೆ 2002ರ ಕಾಯ್ದೆಯ ಬಲವಿದೆ. ಹಂಪಿ ಸುತ್ತಲಿನ ಹಳ್ಳಿಗಳೂ ಅದರ ವ್ಯಾಪ್ತಿಗೆ ಸೇರಿವೆ. ಗುಡಾರಕ್ಕೆ ಗೂಟ ಹೊಡೆಯುವ ಮೊದಲು ಪ್ರಾಧಿಕಾರದ ಬಾಗಿಲು ತಟ್ಟುವುದು ಲೇಸು. ಪ್ರಾಧಿಕಾರದವರೂ ಎಲ್ಲಿ ಹಾಕಬಹುದು, ಎಲ್ಲಿ ಕೂಡದು ಎಂಬುದನ್ನು ಊರಿನವರಿಗೆ ಅರ್ಥವಾಗುವ ಕನ್ನಡದಲ್ಲಿ ಪಂಚಾಯಿತಿ ಗೋಡೆಗೆ ಬರೆಸಬೇಕು. ಕಟ್ಟಿದ ಮೇಲೆ ಕೆಡವುವುದಕ್ಕಿಂತ ಕಟ್ಟುವ ಮುಂಚೆ ಹೇಳುವುದು ಎಲ್ಲರಿಗೂ ಅಗ್ಗ.

ಕತ್ತಲಾದ ಮೇಲೆ

ಇನ್ನೊಂದು ಮಾತು ಹೇಳದೆ ವಿಧಿಯಿಲ್ಲ. 2025ರ ಮಾರ್ಚಿನಲ್ಲಿ ಸಣಾಪುರದ ಕಾಲುವೆ ಬಳಿ ರಾತ್ರಿ ನಕ್ಷತ್ರ ನೋಡುತ್ತ ಕುಳಿತವರ ಮೇಲೆ ದಾಳಿ ನಡೆಯಿತು. ಇಬ್ಬರು ಹೆಂಗಸರ ಮೇಲೆ ಅತ್ಯಾಚಾರವಾಯಿತು, ಕಾಲುವೆಗೆ ತಳ್ಳಲ್ಪಟ್ಟ ಒಬ್ಬನ ಜೀವ ಹೋಯಿತು. ಊರಿಗೆ ಊರೇ ತಲೆ ತಗ್ಗಿಸಿದ ದಿನ ಅದು. ಗೋಡೆಯಿಲ್ಲದ ಮನೆಯಲ್ಲಿ ಅತಿಥಿಯನ್ನು ಮಲಗಿಸುವವರು ರಾತ್ರಿ ಕಾವಲು, ದೀಪ, ಬಂದವರ ಹೆಸರಿನ ಪುಸ್ತಕ ಇಡಲೇಬೇಕು. ಪೊಲೀಸರ ಗಸ್ತು ಸಣಾಪುರದ ದಾರಿಗೂ ಬರಬೇಕು.

ಬಸ್ಸಿನವರಿಗೂ ಸೈಕಲ್ಲಿನವರಿಗೂ ಒಂದು ವಿನಂತಿ. ಕಡ್ಡಿರಾಂಪುರದ ದಾರಿ ಇಬ್ಬರದೂ ಹೌದು. ಸೈಕಲ್ಲಿನವರು ನಾಲ್ಕು ಮಂದಿ ಒಂದೇ ಸಾಲಾಗಿ ಹರಟೆ ಹೊಡೆಯುತ್ತ ಹೋಗುವುದು ಬೇಡ. ಬೆನ್ನಿಗೆ ಹೊಳೆಯುವ ಪಟ್ಟಿ, ಹಿಂದೊಂದು ಕೆಂಪು ದೀಪ ಇರಲಿ. ಬಸ್ಸಿನ ಡ್ರೈವರಣ್ಣಂದಿರು ಹಾರನ್ ಬಡಿದು ಬೆಚ್ಚಿಬೀಳಿಸದೆ ಒಂದು ಗಜ ಜಾಗ ಬಿಟ್ಟು ಹೋಗಲಿ.

ಮಳೆ ನಿಂತು ಚಳಿ ಹಿಡಿದರೆ ಸೈಕಲ್ಲುಗಳು ಸಾಲುಗಟ್ಟಿ ಬರುತ್ತವೆ. ಅಷ್ಟರೊಳಗೆ ಪ್ರಾಧಿಕಾರ ತನ್ನ ನಿಯಮ ಹೇಳಲಿ, ಅಂಗಡಿಯವರು ಟ್ಯೂಬು, ಪ್ಯಾಚು ತರಿಸಿಡಲಿ. ಹಾಸಿಗೆ ಯಾರದೇ ಇರಲಿ, ಗಾಳಿ ಹಾಕುವ ಪಂಪು ನಮ್ಮೂರಿನದೇ ಆಗಲಿ.