ಹಳೇ ಮಾರುತಿಗೆ ಹತ್ತನೇ ನಂಬರ್ ಸ್ಪ್ಯಾನರ್
2014ರಲ್ಲಿ ತಯಾರಿಕೆ ನಿಂತರೂ ಎಷ್ಟೋ ಮನೆಗಳಲ್ಲಿ ಮಾರುತಿ 800 ಇನ್ನೂ ಓಡ್ತಿದೆ. ಬೆಳಗ್ಗೆ ಕೀ ತಿರುಗಿಸಿದರೆ ಬರೀ ‘ಟಕ್’ ಅಂತಿದೆಯಾ? ಹೊಸ ಬ್ಯಾಟರಿಗೆ ದುಡ್ಡು ಸುರಿಯೋ ಮೊದಲು ಬಾನೆಟ್ ಎತ್ತಿ, ಟರ್ಮಿನಲ್ ನೋಡಿ. ಬಿಳಿ-ಹಸಿರು ಪುಡಿ ಕಟ್ಟಿದ್ದರೆ, ಕರೆಂಟ್ ತಡೀತಿರೋದು ಬಹುಶಃ ಅದೇ.

ಹತ್ತನೇ ನಂಬರ್ ಸ್ಪ್ಯಾನರ್ ತಗೊಂಡು ಮೊದಲು ಮೈನಸ್ ಬಿಚ್ಚಿ. ಇದನ್ನ ಮರೀಲೇಬೇಡಿ! ಕಾರಿನ ಬಾಡಿ ಮೈನಸ್‌ಗೇ ಸೇರಿರುತ್ತೆ. ಮೊದಲೇ ಪ್ಲಸ್ ಬಿಚ್ಚೋಕೆ ಹೋಗಿ ಸ್ಪ್ಯಾನರ್ ಬಾಡಿಗೆ ತಾಗಿದರೆ ಕಿಡಿ ಹಾರುತ್ತೆ.

ಬಿಸಿನೀರಿಗೆ ಅಡುಗೆ ಸೋಡಾ ಬೆರೆಸಿ ಹಾಕಿ, ಬುಸುಬುಸು ನೊರೆ ಬರುತ್ತೆ. ಹಳೇ ಬ್ರಶ್‌ನಲ್ಲಿ ಉಜ್ಜಿ, ಒರೆಸಿ, ಒಣಗಿಸಿ. ಜೋಡಿಸುವಾಗ ಪ್ಲಸ್ ಮೊದಲು, ಮೈನಸ್ ಕೊನೆಗೆ. ಮೇಲೆ ಚೂರು ವ್ಯಾಸಲೀನ್ ಸವರಿ.

ಇಂಥ ಸಣ್ಣ ಕೆಲಸ ನೀವೇ ಮಾಡ್ಕೊಳ್ಳಿ, ಆದರೆ ಬ್ರೇಕ್ ಕೆಲಸ ಮಾತ್ರ ದಯವಿಟ್ಟು ಮೆಕ್ಯಾನಿಕ್ ಕೈಲೇ ಮಾಡಿಸಿ.