‘ಅಕ್ಕಡಿ’ ಎಂಬ ಶಬ್ದವೂ ಭೂಸಂರಕ್ಷಣೆಯೂ

ಹಳೆಯ ಮೈಸೂರು ಸೀಮೆಯ ಬೇಸಾಯಗಾರರಲ್ಲಿ ‘ಅಕ್ಕಡಿ’ ಎಂಬ ಶಬ್ದವು ಬಹುಕಾಲದಿಂದ ರೂಢವಾಗಿದೆ. ಈಚಿನ ಕೃಷಿಗ್ರಂಥಗಳಲ್ಲಿ ಇದಕ್ಕೆ ಬದಲಾಗಿ ‘ಮಿಶ್ರಬೆಳೆ’, ‘ಅಂತರಬೆಳೆ’ ಎಂಬ ಪದಗಳು ಪ್ರಯೋಗವಾಗುತ್ತಿವೆ. ಇವು ಅಕ್ಕಡಿಗೆ ಸಮಾನಾರ್ಥಕಗಳಾಗಬಲ್ಲವೇ ಎಂಬುದನ್ನು ಇಲ್ಲಿ ವಿಚಾರಿಸಲಾಗುವುದು.

ಮೊದಲು ಶಬ್ದವು ಬೋಧಿಸುವ ಪದಾರ್ಥವನ್ನು ನೋಡೋಣ. ರಾಗಿಯನ್ನು ಕೂರಿಗೆಯಿಂದ ಬಿತ್ತುವಾಗ, ನಿಯತವಾದ ಕೆಲವು ಸಾಲುಗಳಿಗೊಮ್ಮೆ ಒಂದು ಸಾಲನ್ನು ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು ಮೊದಲಾದವುಗಳಿಗೆ ಮೀಸಲಿಡುವರು. ಕೂರಿಗೆಯ ಹಿಂದೆ ಸಾಗುವ ‘ಸಡ್ಡೆ’ ಎಂಬ ಬಿದಿರಿನ ಕೊಳವೆಯ ಮೂಲಕ ಆ ಬೀಜಗಳನ್ನು ಬಿಡುವರು. ಈ ಸಾಲೇ ಅಕ್ಕಡಿ. 1800ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನನು ರಾಗಿಯೊಡನೆ ಅವರೆ ತೊಗರಿಗಳನ್ನು ಬಿತ್ತುವ ಕ್ರಮವನ್ನು ವರ್ಣಿಸಿದ್ದಾನೆ.

ಇದಕ್ಕೆ ಉಪಪತ್ತಿಯೇನು? ರಾಗಿಯ ಬೇರು ಮೇಲ್ಮಣ್ಣಿನಲ್ಲಿ ಹರಡುವುದು. ತೊಗರಿಯ ತಾಯಿಬೇರು ಆಳಕ್ಕಿಳಿಯುವುದು. ಆದುದರಿಂದ ನೀರಿಗಾಗಿ ಅವೆರಡಕ್ಕೂ ಸ್ಪರ್ಧೆಯು ಅಲ್ಪ. ರಾಗಿಯ ಕೊಯ್ಲಾದ ಮೇಲೆಯೂ ತೊಗರಿಯು ನಿಂತು ನೆಲಕ್ಕೆ ನೆರಳಾಗಿರುವುದು. ಮಳೆ ತಪ್ಪಿ ಒಂದು ಕೆಟ್ಟರೆ ಇನ್ನೊಂದು ಕೈಹಿಡಿಯುವುದುಂಟು. ದ್ವಿದಳಸಸ್ಯಗಳ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ವಾಯುವಿನ ಸಾರಜನಕವನ್ನು ಸಸ್ಯಕ್ಕೆ ಒದಗಿಸುವುವೆಂದು ಜರ್ಮನಿಯ ಹೆಲ್‌ರೀಗೆಲ್, ವಿಲ್ಫಾರ್ತ್ ಎಂಬ ವಿದ್ವಾಂಸರು 1888ರಲ್ಲಿ ನಿರೂಪಿಸಿದರು. ಉದುರಿದ ಎಲೆಯೂ ಉಳಿದ ಬೇರೂ ಕೊಳೆತು ಅದರಲ್ಲೊಂದು ಭಾಗವು ಮಣ್ಣಿಗೆ ಸೇರುವುದು.

ಇದರಿಂದ ಕೃತಕ ಸಾರಜನಕ ಗೊಬ್ಬರದ ಅಪೇಕ್ಷೆಯು ಕುಗ್ಗುವುದು. ಆ ಗೊಬ್ಬರವು ಮಿತಿಮೀರಿದಲ್ಲಿ ಒಂದಂಶವು ನೈಟ್ರೇಟಾಗಿ ಅಂತರ್ಜಲವನ್ನು ಕೆಡಿಸುವುದು. ಮತ್ತೊಂದಂಶವು ನೈಟ್ರಸ್ ಆಕ್ಸೈಡ್ ಅನಿಲವಾಗಿ ಮೇಲೇರುವುದು. 100 ವರ್ಷಗಳ ಅವಧಿಯಲ್ಲಿ, ತೂಕಕ್ಕೆ ತೂಕ ನೋಡಿದರೆ, ಈ ಅನಿಲದ ತಾಪವರ್ಧಕ ಶಕ್ತಿಯು ಇಂಗಾಲದ ಡೈಆಕ್ಸೈಡಿನದರ ಸುಮಾರು 270 ಪಟ್ಟು. ಅಕ್ಕಡಿಯೊಂದರಿಂದಲೇ ಭೂಮಿಯ ಸಕಲಾಪೇಕ್ಷೆಯೂ ಪೂರೈಸುವುದೆಂದಲ್ಲ; ಕೊಟ್ಟಿಗೆಗೊಬ್ಬರವೂ ಬೇಕು. ಯಂತ್ರದಿಂದ ಕೊಯ್ಯುವವರಿಗೆ ಈ ಸಾಲುಗಳು ಅಡ್ಡಿಯೆನಿಸುವುದೂ ಸಹಜವೇ.

ಇನ್ನು ಪ್ರಕೃತಕ್ಕೆ ಬರೋಣ. ‘ಮಿಶ್ರ’ವೆಂದರೆ ಬೆರೆತದ್ದು, ಅಲ್ಲಿ ಸಾಲಿನ ನಿಯಮವು ತೋರದು. ‘ಅಂತರ’ವೆಂಬುದು ಸ್ಥಾನವನ್ನು ಮಾತ್ರ ಸೂಚಿಸುವುದು. ‘ಅಕ್ಕಡಿ’ಯೆಂದೊಡನೆ ಬಲ್ಲ ರೈತನಿಗೆ ಸಾಲಿನ ಅಳತೆ, ಸಡ್ಡೆ, ಜೊತೆಗೂಡತಕ್ಕ ಬೀಜ, ಕೊಯ್ಲಿನ ಪೌರ್ವಾಪರ್ಯ ಇವೆಲ್ಲವೂ ಸ್ಫುರಿಸುವುವು. ಸಂಸ್ಕೃತದಲ್ಲಿ ನಮಗಿರುವ ಆದರವು ಇಂತಹ ದೇಶ್ಯಶಬ್ದವನ್ನು ಹೊರದೂಡುವುದಕ್ಕೆ ಕಾರಣವಾಗಬಾರದು. ಶಬ್ದವು ಲೋಪವಾದರೆ ಅದರೊಳಗಣ ವಿಧಿಯೂ ಲೋಪವಾಗುವುದು. ಆದುದರಿಂದ ಪಾಠಪುಸ್ತಕಗಳನ್ನು ರಚಿಸುವವರು ಈ ಪದಗಳನ್ನು ಅರ್ಥವಿವರಣೆಯೊಡನೆ ಉಳಿಸಿಕೊಳ್ಳಬೇಕೆಂದೂ, ಉಪಾಧ್ಯಾಯರು ತಮ್ಮ ತಮ್ಮ ಸೀಮೆಯ ರೂಪಾಂತರಗಳನ್ನು ರೈತರ ಬಾಯಿಂದಲೇ ಸಂಗ್ರಹಿಸಬೇಕೆಂದೂ ವಿಜ್ಞಾಪಿಸುತ್ತೇನೆ.